ಕೌನ್ಸಿಲ್ ಕೊಡಬೇಕಾದ ಮನೆ

9 ಆಗಸ್ಟ್ 1993, ಸೋಮವಾರ

ಮಗುವಿಗೆ ಒಂದು ಬೆಡ್ ಖಾಲಿ ಇದೆ ಎಂದು ರಾಜ್ಯ ಸರ್ಕಾರದ ಅಂಗವಿಕಲರ ಇಲಾಖೆಯವರು ಇವತ್ತು ಕರೆದು ಹೇಳಿದರು. ಎಲ್ಲಿ ಎಂದರೆ ವೃದ್ಧರ ನರ್ಸಿಂಗ್ ಹೋಮಿನಲ್ಲಿ. ಎಂಬತ್ತು ದಾಟಿದವರ ನಡುವೆ. ಮಗುವಿಗೆ ಇಪ್ಪತ್ತೈದು ವರ್ಷ.

"ನಿಮ್ಮ ಮಗಳಾಗಿದ್ರೆ ಅಲ್ಲಿ ಬಿಡ್ತಿದ್ರಾ?" ಎಂದು ಆ ಆಫೀಸರನ್ನು ಕೇಳಿದೆ. ಆಕೆಗೆ ಮಕ್ಕಳಿಲ್ಲವಂತೆ. "ಹಾಗಾದ್ರೆ ನೀವೇ ಹೋಗಿ ಒಂದು ವಾರ ಇದ್ದು ಬನ್ನಿ" ಎಂದೆ. ಆಕೆ ಫೈಲು ಮುಚ್ಚಿ, ಆಟಿಸಂ ಇರುವ ದೊಡ್ಡವರಿಗೆ ಬೇರೆ ಜಾಗವೇ ಇಲ್ಲ, ಕಾಯುವವರ ಪಟ್ಟಿ ಉದ್ದವಿದೆ ಎಂದಳು. ಎಷ್ಟು ಉದ್ದ ಎಂದು ಕೇಳಿದ್ದಕ್ಕೆ ಮುಂದಿನವರನ್ನು ಕರೆದಳು.

ನಾನು ಈ ದೇಶದಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್. ಅಂಥ ಜಾಗಗಳಿಗೆ ನನ್ನ ವಾರ್ಡಿನಿಂದಲೇ ಮುದುಕರನ್ನು ಕಳಿಸಿಕೊಟ್ಟಿದ್ದೇನೆ. ಅಲ್ಲಿ ಏನಿದೆ, ಏನಿಲ್ಲ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಇವರಿಗೆ ಬೈಪಾಸ್ ಆಗಿ ಹದಿನೆಂಟು ದಿನ. ಆಪರೇಶನ್ನಿನ ದಿನ ಮಗಳು ಶಾಲಿನಿಯನ್ನು ಬಿಡಲು ಯಾರೂ ಸಿಗದೆ ಕಾರಿಡಾರಿನಲ್ಲಿ ಒಂಬತ್ತು ಗಂಟೆ ಕೂರಿಸಿದ್ದೆ. ಟ್ರಾಲಿಗಳ ಸದ್ದು ತಡೆಯಲಾರದೆ ಕಿವಿ ಮುಚ್ಚಿಕೊಂಡು ಹಣೆಯನ್ನು ಗೋಡೆಗೆ ಹೊಡೆದುಕೊಂಡಳು. ಒಳಗೆ ಗಂಡ, ಹೊರಗೆ ಮಗು. ನನಗೆ ಐವತ್ತಾರು. ನಾನು ಬಿದ್ದರೆ ಮುಂದೆ ಏನು ಎಂಬ ಪ್ರಶ್ನೆ ಅವತ್ತು ಎದೆಗೆ ಬಂದು ಕೂತದ್ದು ಇನ್ನೂ ಎದ್ದಿಲ್ಲ.

ಡ್ಯೂಟಿ ಮುಗಿಸುವ ಮೊದಲು ನೋಟ್ಸ್ ಬರೆಯುವುದು ಅಭ್ಯಾಸ. ಅದಕ್ಕೇ ಈ ಪುಸ್ತಕ. ಮನೆಯಲ್ಲಿ ತುಳು, ಕೆಲಸದಲ್ಲಿ ಇಂಗ್ಲಿಷ್. ಬರೆಯಲು ಮಾತ್ರ ಉಡುಪಿಯ ಶಾಲೆಯಲ್ಲಿ ಕಲಿತ ಕನ್ನಡವೇ ಆಗಬೇಕು.

14 ಆಗಸ್ಟ್, ಶನಿವಾರ

ರೋಸಾ ಬಂದಿದ್ದಳು. ಅವಳ ಮಗ ಮಾರ್ಕೊ ಮತ್ತು ನಮ್ಮ ಮಗು ಒಂದೇ ವರ್ಕ್‌ಶಾಪಿನಲ್ಲಿ ಸ್ಕ್ರೂ ಪ್ಯಾಕ್ ಮಾಡುತ್ತಾರೆ. ಅವಳು ಸಿಸಿಲಿಯವಳು, ನಾನು ಉಡುಪಿಯವಳು. ನಮ್ಮ ಇಬ್ಬರ ಇಂಗ್ಲಿಷೂ ಈ ಊರಿನವರಿಗೆ ಅರ್ಥವಾಗುವುದಿಲ್ಲ. ನಮಗೆ ನಮ್ಮದು ಅರ್ಥವಾಗುತ್ತದೆ.

ವಿಲ್ಟನ್ ಸ್ಟ್ರೀಟಿನ ಹಳೆಯ ಶಿಶು ಆರೋಗ್ಯ ಕೇಂದ್ರದ ಪಕ್ಕದಲ್ಲಿ ಒಂದು ಇಟ್ಟಿಗೆಯ ಮನೆ ಇದೆ. ಹಿಂದೆ ಅಲ್ಲಿಯ ನರ್ಸ್ ಇರುತ್ತಿದ್ದದ್ದು. ಐದು ಕೋಣೆ, ಹಿಂದೆ ಅಂಗಳ. ಎರಡು ವರ್ಷದಿಂದ ಬೀಗ. ಕೌನ್ಸಿಲಿನ, ಎಂದರೆ ಈ ಊರಿನ ಪುರಸಭೆಯ, ಆಸ್ತಿ.

"ಮನೆ ಇದ್ರೆ ಇವರನ್ನು ನೋಡಿಕೊಳ್ಳುವ ಕೆಲಸದವರನ್ನು ಇಲಾಖೆ ಕೊಡ್ತದಂತೆ. ಮನೆ ಕೊಡುವವರು ಇಲ್ಲ ಅಷ್ಟೇ" ಎಂದಳು ರೋಸಾ.

ಇಬ್ಬರೂ ಹೋಗಿ ನೋಡಿ ಬಂದೆವು. ಕಿಟಕಿಗೆ ಮುಖ ಒತ್ತಿ ಒಳಗೆ ಇಣುಕಿದೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ. ಎದುರು ಮನೆಯ ಗಂಡಸು ಹೊರಬಂದು, ಏನು ಬೇಕು ಎಂದು ಕೇಳಿದ. "ಈ ಮನೆ" ಎಂದೆ.

3 ಸೆಪ್ಟೆಂಬರ್, ಶುಕ್ರವಾರ

ಬೆಳಗಿನ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಕೌನ್ಸಿಲ್ ಆಫೀಸಿಗೆ ಹೋದೆ. ಮಗುವನ್ನೂ ಕರೆದುಕೊಂಡು ಹೋಗಿದ್ದೆ. ಕಣ್ಣಾರೆ ಕಂಡರೆ ಕನಿಕರ ಬಂದೀತು ಎಂದು.

ಮಿಸೆಸ್ ಹಾಲೋರನ್ ಎಂಬ ಆಫೀಸರ್. ಒಳ್ಳೆಯ ಹೆಂಗಸು, ಆದರೆ ಎಲ್ಲದಕ್ಕೂ ಒಂದು ಫಾರ್ಮು. ವೃದ್ಧರ ಮನೆಗೆ ಫಾರ್ಮುಂಟು, ಕಸದ ತೊಟ್ಟಿಗೆ ಫಾರ್ಮುಂಟು, ನಾಯಿಗೆ ಕೂಡ ಉಂಟು. ನಾವು ಕೇಳುವುದಕ್ಕೆ ಇಲ್ಲ.

"ವಸತಿ ಕೊಡುವುದು ರಾಜ್ಯ ಸರ್ಕಾರದ ಕೆಲಸ, ಕೌನ್ಸಿಲಿನದ್ದಲ್ಲ" ಎಂದರು.

"ಸರ್ಕಾರ ಹೇಳ್ತದೆ ಮನೆ ಇಲ್ಲ ಅಂತ. ನಿಮ್ಮ ಹತ್ರ ಮನೆ ಉಂಟು, ಜನ ಇಲ್ಲ. ನಾನು ಎರಡನ್ನೂ ಜೋಡಿಸ್ತಾ ಇದ್ದೇನೆ. ಇದಕ್ಕೆ ಫಾರ್ಮು ಇಲ್ಲದಿದ್ರೆ ಒಂದು ಖಾಲಿ ಹಾಳೆ ಕೊಡಿ."

ಖಾಲಿ ಹಾಳೆ ಕೊಟ್ಟರು. ಅಲ್ಲೇ ಕೂತು ಬರೆದೆ. ನಡುವೆ ಅವರು ಮಗುವಿನ ಕಡೆ ತಿರುಗಿ, "ಶಾಲಿನಿ, ನೀರು ಬೇಕಾ?" ಎಂದು ಕೇಳಿದರು. "ಬೇಡ, ಅವಳು ಹೊರಗೆ ಏನೂ ಕುಡಿಯುವುದಿಲ್ಲ" ಎಂದೆ. ಅವರು ಆದರೂ ಲೋಟ ತಂದಿಟ್ಟರು. ಪೂರ್ತಿ ಕುಡಿದಳು. ಬಾಯಾರಿರಬೇಕು.

24 ಅಕ್ಟೋಬರ್, ಭಾನುವಾರ

ಕನ್ನಡದವರ ದಸರಾ ಊಟ. ಇವರಿಗೆ ಹೋಗಬೇಕೆಂದಿತ್ತು, ಹೋದೆವು. ಮಗು ಕಾರಿನಲ್ಲೇ ಕೂತಳು, ಇವರು ಜೊತೆಗೆ ಕೂತರು. ಪ್ರತಿ ವರ್ಷವೂ ಹೀಗೇ: ನಾನು ಒಳಗೆ ಎರಡು ತುತ್ತು ಕೋಸಂಬರಿ ತಿಂದು, ಅವರಿಗೆ ತಟ್ಟೆ ತರುವುದು.

ಜಯಲಕ್ಷ್ಮಿ ಪಕ್ಕಕ್ಕೆ ಕರೆದಳು. ಮೈಸೂರಿನವಳು, ಗಂಡ ಡಾಕ್ಟರು, ಕೆಟ್ಟವಳಲ್ಲ. "ರಾಜೀವಿ, ಹೆಣ್ಣು ಹುಡುಗೀನ ಹೊರಗಿನವರ ಕೈಲಿ ಬಿಡ್ತೀರಂತೆ? ನಮ್ಮವರು ಹಾಗೆ ಮಾಡಲ್ಲ ಕಣ್ರೀ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಾಳೆ ನಾನು ಸತ್ರೆ ನೀವು ಇಟ್ಕೊಳ್ತೀರಾ?"

ಅವಳು ಬಡಿಸುವವರ ಕಡೆ ತಿರುಗಿದಳು. ನಾನು ಸುಮ್ಮನಾಗಲಿಲ್ಲ. ಕಾರಿಗೆ ಹೋಗಿ ಮಗುವನ್ನೂ ಇವರನ್ನೂ ಒಳಗೆ ಕರೆದುಕೊಂಡು ಬಂದೆ. ಎಲ್ಲರ ನಡುವೆ ಕೂರಿಸಿ ಬಡಿಸಿದೆ. ಮೈಕಿನ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಿದಳು. ಜನ ನೋಡಿದರು. ನೋಡಲಿ. ಹತ್ತೊಂಬತ್ತು ವರ್ಷ ಯಾರಿಗಾಗಿ ಕಾರಿನಲ್ಲಿ ಕೂರಿಸಿದೆನೋ.

ಬರುವಾಗ ಇವರು, "ಅವಳಿಗೆ ಕಾರಿನಲ್ಲೇ ಖುಷಿ ಇತ್ತು, ರಾಜೀ. ಇವತ್ತು ನಿನ್ನ ಕೋಪಕ್ಕೆ ಒಳಗೆ ಬಂದಳು" ಎಂದರು. ಇವರಿಗೆ ಎಲ್ಲದರಲ್ಲೂ ಒಂದು ತಕರಾರು.

9 ಜನವರಿ 1994, ಭಾನುವಾರ, ಸಿಡ್ನಿ

ಬ್ಲ್ಯಾಕ್‌ಟೌನ್‌ನಲ್ಲಿ ಗುರುದತ್ತನ ಮನೆ. ಮಗು ತನ್ನ ಅಣ್ಣನ ಮನೆಗೆ ಬಂದು ಆರು ದಿನ. ಸುತ್ತಲಿನ ಕಾಡುಗಳಿಗೆ ಬೆಂಕಿ ಬಿದ್ದು ಆಕಾಶ ಕಿತ್ತಳೆ ಬಣ್ಣ. ಅಂಗಳದಲ್ಲಿ ಬಟ್ಟೆ ಹಾಕಿದರೆ ಮೇಲೆ ಬೂದಿ.

ಗುರು ಫೋನಿನಲ್ಲಿ ಯಾವಾಗಲೂ, "ಅಮ್ಮ, ನಾನಿದ್ದೇನಲ್ಲ, ಕೌನ್ಸಿಲ್ ಗಿನ್ಸಿಲ್ ಎಲ್ಲ ಯಾಕೆ" ಎನ್ನುತ್ತಿದ್ದ. ಸರಿ, ನೋಡೋಣ ಎಂದೇ ಬಂದದ್ದು. ಅವನ ಆರು ತಿಂಗಳ ಕೂಸು ಅತ್ತಾಗಲೆಲ್ಲ ಶಾಲಿನಿ ಗ್ಯಾರೇಜಿಗೆ ಹೋಗಿ ನಿಂತ ಕಾರಿನೊಳಗೆ ಕೂರುತ್ತಾಳೆ. ನಿನ್ನೆ ಆ ಸೆಕೆಯಲ್ಲಿ ಕಿಟಕಿ ಏರಿಸಿ ಕೂತಿದ್ದಳು. ಸೊಸೆ ನೋಡಿ ಹೆದರಿ ಕೂಗಿದಳು. ಬಾಗಿಲು ತೆಗೆಸುವಷ್ಟರಲ್ಲಿ ಬೆವರಿ ನೀರಾಗಿದ್ದಳು.

ಇವತ್ತು ಗುರು ನನ್ನೆದುರು ಕೂತು ಹೇಳಿದ: "ಅಮ್ಮ, ನಾನು ನೋಡಿಕೊಳ್ಳುದಿಲ್ಲ ಅಂತ ಹೇಳುದಿಲ್ಲ. ಆದರೆ ಅವಳಿಗೇ ಇಲ್ಲಿ ಆಗ್ತಾ ಇಲ್ಲ. ನೀನು ಅವಳನ್ನು ಒಮ್ಮೆಯಾದರೂ ಕೇಳಿದ್ದೀಯಾ?"

"ಅವಳನ್ನು ಕೇಳುದು ಎಂತ? ಅವಳ ಬಾಯಿ ನಾನೇ ಅಲ್ವಾ."

ಅವನು ಎದ್ದು ಬೂದಿ ಬಿದ್ದ ಬಟ್ಟೆ ತರಲು ಅಂಗಳಕ್ಕೆ ಹೋದ. ಮಗನ ಮನೆಯಲ್ಲಿ ಅಳಬಾರದೆಂದು ಪಾತ್ರೆ ತೊಳೆದೆ. ಕೌನ್ಸಿಲಿಗೆ ಇನ್ನೊಂದು ಕಾಗದ ಬರೆಯಬೇಕು. ಇದು ಏಳನೆಯದು.

21 ಮಾರ್ಚ್, ಸೋಮವಾರ

ಗೆದ್ದೆವು.

ಸಂಜೆ ಏಳಕ್ಕೆ ಕೌನ್ಸಿಲ್ ಸಭೆ. ನಮ್ಮ ಕಡೆ, ಆ ಮನೆ ಬೇಕೆಂದು ಸೇರಿದ ನಾಲ್ಕು ಕುಟುಂಬ. ಎದುರು ಮನೆಯ ಗಂಡಸು, ಮಿಸ್ಟರ್ ಪಿಯರ್ಸ್, ಅರವತ್ತೆರಡು ಸಹಿಯ ಅರ್ಜಿ ತಂದಿದ್ದ. "ಇವರ ಬಗ್ಗೆ ನಮಗೆ ಸಹಾನುಭೂತಿ ಇದೆ. ಆದರೆ ನಮ್ಮ ಬೀದಿಯಲ್ಲಿ ಮಕ್ಕಳಿದ್ದಾರೆ" ಎಂದ. ನಮ್ಮವರು ಮಕ್ಕಳನ್ನು ತಿನ್ನುತ್ತಾರೋ ಎಂಬಂತೆ.

ನನ್ನ ಸರದಿ ಬಂದಾಗ ಕಾಗದ ಬಿಟ್ಟು ಮಾತಾಡಿದೆ. "ನನ್ನ ಮಗಳು ಯಾರಿಗೂ ಏನೂ ಮಾಡಲಾರಳು. ಅವಳು ಐದು ವರ್ಷದ ಮಗುವಿನ ಹಾಗೆ. ಒಂದು ಕಪ್ ಟೀ ಮಾಡಿಕೊಳ್ಳಲೂ ಅವಳಿಗೆ ಬರುವುದಿಲ್ಲ. ನಾಳೆ ನಾನು ಹೋದರೆ ಯಾರು ನೋಡುತ್ತಾರೆ?" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಮೊದಲು ನಮ್ಮ ವಿರುದ್ಧ ಇದ್ದ ಮುದುಕ ಕೌನ್ಸಿಲರ್ ಕೂಡ ಕೈ ಎತ್ತಿದ.

ಏಳು ಮತ, ವಿರುದ್ಧ ಐದು. ತಾತ್ವಿಕ ಒಪ್ಪಿಗೆಯಂತೆ, ರಿಪೇರಿ, ಒಪ್ಪಂದಗಳಿಗೆ ಒಂದು ವರ್ಷ ಹಿಡಿಯಬಹುದು. ಹಿಡಿಯಲಿ. ಹೊರಗೆ ರೋಸಾ ನನ್ನನ್ನು ಎತ್ತಿಯೇ ಬಿಟ್ಟಳು. ಶಾಲಿನಿ ಇವರ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಕಾರಿನಲ್ಲಿ ಒಂದು ಮಾತೂ ಇಲ್ಲ. ಸುಸ್ತಾಗಿರಬೇಕು.

11 ಏಪ್ರಿಲ್, ಸೋಮವಾರ

ಕೌನ್ಸಿಲಿನಿಂದ ಸಭೆಯ ಮಿನಿಟ್ಸ್, ಎಂದರೆ ನಡಾವಳಿ, ಬಂತು. ಶಾಲಿನಿ ಅಚ್ಚಾದದ್ದು ಏನು ಸಿಕ್ಕರೂ ಓದುತ್ತಾಳೆ. ಲೋಕಲ್ ಪೇಪರಿನಲ್ಲಿ ಯಾರೂ ನೋಡದ ಸಾರ್ವಜನಿಕ ಪ್ರಕಟಣೆಗಳನ್ನೂ ಬಿಡುವುದಿಲ್ಲ. ಇದನ್ನು ಎರಡು ಸಲ ಓದಿ ನನ್ನೆದುರು ಇಟ್ಟಳು.

"ಪೇಜ್ ಫೋರ್ ತಪ್ಪು" ಎಂದಳು.

ಅವಳು ಮಾತಾಡುವುದು ಇಂಗ್ಲಿಷಿನಲ್ಲೇ. ಬಂದ ಹೊಸತರಲ್ಲಿ ಮಗುವಿಗೆ ಒಂದೇ ಭಾಷೆ ಇರಲಿ ಎಂದು ಡಾಕ್ಟರರು ಅಪ್ಪಣೆ ಮಾಡಿದ್ದರಿಂದ ನಾವು ಅವಳ ಹತ್ತಿರ ತುಳು ಬಿಟ್ಟೆವು. ಅವಳು ಬಿಟ್ಟಿಲ್ಲ; ಎಲ್ಲ ತಿಳಿಯುತ್ತದೆ.

ನಾಲ್ಕನೇ ಪುಟದಲ್ಲಿ ಇದ್ದದ್ದು ನನ್ನ ಮಾತು.

"ನನಗೆ ಟೀ ಮಾಡಲು ಬರುತ್ತದೆ. ನನಗೆ ಐದು ವರ್ಷ ಅಲ್ಲ. ಇಪ್ಪತ್ತೈದು ವರ್ಷ, ಒಂಬತ್ತು ತಿಂಗಳು."

"ಗೊತ್ತುಂಟು ಮಗಾ. ಗೆಲ್ಲಲಿಕ್ಕೆ ಹಾಗೆ ಹೇಳಬೇಕಾಗ್ತದೆ."

"ತಪ್ಪು."

ಹೋಗಿ ಟೀ ಮಾಡಿದಳು. ನನ್ನ ಮುಂದೆ ಇಟ್ಟಳು. ಮತ್ತೆ ಹೋಗಿ ಇನ್ನೊಂದು. ಒಟ್ಟು ಏಳು ಕಪ್. ಇವರು ಎರಡು ಕುಡಿದರು. ನಾನು ಒಂದನ್ನೂ ಮುಟ್ಟಲಿಲ್ಲ. ನಾನು ಅವಳಿಗಾಗಿ ನಾಯಿಯ ಹಾಗೆ ಅಲೆದಿದ್ದೇನೆ, ಅವಳು ನನ್ನ ತಪ್ಪು ಎಣಿಸುತ್ತಾಳೆ.

15 ಏಪ್ರಿಲ್, ಶುಕ್ರವಾರ

ಕೌನ್ಸಿಲಿಗೆ ಪತ್ರ ಬರೆದಿದ್ದಾಳೆ. ದೊಡ್ಡ ಅಕ್ಷರ, ನೇರ ಗೆರೆ. 'ನಾಲ್ಕನೇ ಪುಟ ತಪ್ಪು. ತಿದ್ದಿರಿ. ನಾನು ಟೀ, ಟೋಸ್ಟ್, ಅನ್ನ, ಮೊಟ್ಟೆ ಮಾಡುತ್ತೇನೆ. ಗ್ಯಾಸ್ ಆಫ್ ಮಾಡಿ ಎರಡು ಸಲ ನೋಡುತ್ತೇನೆ.' ಕೆಳಗೆ ಸಹಿ. ಪೋಸ್ಟ್ ಮಾಡು ಎಂದು ಕೊಟ್ಟಳು.

ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಗೆದ್ದ ಮೇಲೆ ಯಾರಾದರೂ ಇಂಥ ಕಾಗದ ಕಳಿಸುತ್ತಾರೆಯೇ? ಇವಳಿಗೆ ಎಲ್ಲ ಬರುತ್ತದೆ ಎಂದಾದರೆ ಮನೆ ಯಾಕೆ ಎನ್ನುತ್ತಾರೆ.

18 ಜುಲೈ, ಸೋಮವಾರ

ಪ್ರತಿ ಸೋಮವಾರ ಅಂಚೆ ಡಬ್ಬಿ ನೋಡಿ ಬಂದು ಹೇಳುತ್ತಾಳೆ: "ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ."

ಬೇರೆ ಏನೂ ಬರೆಯಲಿಕ್ಕಿಲ್ಲ.

16 ಡಿಸೆಂಬರ್, ಶುಕ್ರವಾರ

ಕೌನ್ಸಿಲೇ ಇಲ್ಲ.

ರಾಜ್ಯ ಸರ್ಕಾರ ಹಳೆಯ ಕೌನ್ಸಿಲುಗಳನ್ನೆಲ್ಲ ತೆಗೆದು, ಎರಡು ಮೂರನ್ನು ಸೇರಿಸಿ ಒಂದೊಂದು ನಗರಸಭೆ ಮಾಡುತ್ತಿದೆ. ನಮ್ಮದೂ ಹೋಯಿತು. ಮತ ಹಾಕಿದ ಏಳು ಮಂದಿಯೂ ಮನೆಗೆ. ಆರಿಸಿ ಬಂದವರ ಬದಲು ಸರ್ಕಾರ ಕೂರಿಸಿದ ಮೂವರು ಕಮಿಷನರುಗಳು.

ಮಿಸೆಸ್ ಹಾಲೋರನ್‌ಗೆ ಫೋನ್ ಮಾಡಿದೆ. ಅವರ ಕೆಲಸವೇ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲವಂತೆ. "ಒಪ್ಪಿಗೆ ತಾತ್ವಿಕವಾಗಿತ್ತಷ್ಟೆ, ರಾಜೀವಿ" ಎಂದರು. ತಾತ್ವಿಕ ಎಂದರೆ ಏನೆಂದು ಇವತ್ತು ತಿಳಿಯಿತು: ಕೊಟ್ಟ ಹಾಗೆ ಮಾಡಿ ಕೊಡದಿರುವುದು.

ಸರಿ. ಮೂವರಾದರೆ ಮೂವರು. ಹನ್ನೆರಡಕ್ಕಿಂತ ಕಮ್ಮಿಯೇ ಆಯಿತು.

17 ಜನವರಿ 1995, ಮಂಗಳವಾರ

ಶಾಲಿನಿಯೇ ಕಂಡುಹಿಡಿದದ್ದು. ಲೋಕಲ್ ಪೇಪರಿನ ಸಾರ್ವಜನಿಕ ಪ್ರಕಟಣೆಗಳ ನಡುವೆ, ಚರಂಡಿ ಕೆಲಸದ ಕೆಳಗೆ, ನಾಲ್ಕು ಸಾಲು: ವಿಲ್ಟನ್ ಸ್ಟ್ರೀಟಿನ ಆಸ್ತಿಯನ್ನು ಮಾರುವ ಉದ್ದೇಶವಿದೆ, ಆಕ್ಷೇಪಣೆ ಇದ್ದವರು ನಾಲ್ಕು ವಾರದೊಳಗೆ ಬರೆಯಬಹುದು, ಸಭೆಯಲ್ಲಿ ಬಂದು ಹೇಳಬಹುದು. ನಾನಾಗಿದ್ದರೆ ಆ ಪೇಪರನ್ನು ಮೀನು ಸುತ್ತಲು ಇಟ್ಟುಕೊಳ್ಳುತ್ತಿದ್ದೆ.

"ಇದ್ದವರು ಎಂದರೆ ಯಾರು?" ಎಂದು ಕೇಳಿದಳು.

"ಯಾರು ಬೇಕಾದ್ರೂ."

"ನಾನೂ?"

"ಹೂಂ" ಎಂದೆ. ಆಮೇಲೆ ಅವಳು ಹಾಳೆ ತೆಗೆದುಕೊಂಡು ಕೋಣೆಗೆ ಹೋದಳು. ನಾನು ರೋಸಾಗೆ ಫೋನ್ ಮಾಡುವುದರಲ್ಲಿದ್ದೆ.

4 ಫೆಬ್ರವರಿ, ಶನಿವಾರ

ಬೆಲೆ ಕಟ್ಟುವವನು ಇವತ್ತು ಹತ್ತಕ್ಕೆ ಬರುತ್ತಾನೆಂದು ಸುದ್ದಿ ಸಿಕ್ಕಿತ್ತು. ಒಂಬತ್ತಕ್ಕೇ ನಾಲ್ಕು ಕುಟುಂಬವೂ ಮಡಚುವ ಕುರ್ಚಿಗಳನ್ನು ಹಿಡಿದು ಹೋಗಿ ವಿಲ್ಟನ್ ಸ್ಟ್ರೀಟಿನ ಗೇಟಿನ ಎದುರು ಕೂತೆವು. ಇವರು ಬೇಡವೆಂದರೂ ಬಂದರು, ಟೋಪಿ ಹಾಕಿಕೊಂಡು. ನಾನು ಯೂನಿಫಾರ್ಮಿನಲ್ಲಿ. ರೋಸಾ ಹಲಗೆಯ ಮೇಲೆ ಬರೆದು ತಂದಿದ್ದಳು: 'ಈ ಮನೆಗೆ ಜನ ಇದ್ದಾರೆ.'

ಬಂದವನು ಚಿಕ್ಕ ಪ್ರಾಯದವನು, ಟೈ ಕಟ್ಟಿದ್ದ. "ಮೇಡಂ, ನಾನು ಅಳತೆ ಮಾತ್ರ ತಗೊಳ್ಳೋದು" ಎಂದ.

"ತಗೋ. ನಾಲ್ಕು ಮಂದಿಗೆ ಸಾಕಾಗ್ತದಾ ಅಂತ ಅದರಲ್ಲಿ ಬರಿ."

ಅವನು ನಮ್ಮನ್ನು ದಾಟಿ ಒಳಗೆ ಹೋಗಲಿಲ್ಲ. ಪೊಲೀಸರು ಬಂದರು. ಇಬ್ಬರಲ್ಲಿ ಒಬ್ಬಳು ನನ್ನನ್ನು ನೋಡಿ, "ಸಿಸ್ಟರ್, ನೀವು ನನ್ನ ಅಜ್ಜಿಯನ್ನು ನೋಡಿಕೊಂಡಿದ್ರಿ" ಎಂದಳು. ಫುಟ್‌ಪಾತಿನಲ್ಲಿ ಕೂರುವುದಕ್ಕೆ ತಕರಾರಿಲ್ಲ, ದಾರಿ ಬಿಟ್ಟು ಕೂರಿ ಎಂದು ಹೇಳಿ ಹೋದರು. ಟೈ ಕಟ್ಟಿದವನು ಸೋಮವಾರ ಬರುತ್ತೇನೆಂದು ಹೋದ. ಸೋಮವಾರವೂ ಕೂರುತ್ತೇವೆ.

ಪಿಯರ್ಸ್ ತನ್ನ ಕಿಟಕಿಯಿಂದ ಇಡೀ ಹೊತ್ತು ನೋಡಿದ. ಶಾಲಿನಿ ಅವನ ಗೇಟಿನ ತನಕ ಹೋಗಿ, "ನಾನು ಶಾಲಿನಿ. ನಾವು ಮಧ್ಯಾಹ್ನ ಹನ್ನೆರಡಕ್ಕೆ ಹೋಗುತ್ತೇವೆ" ಎಂದು ಹೇಳಿ ಬಂದಳು. ಹನ್ನೆರಡಕ್ಕೆ ಸರಿಯಾಗಿ ಎದ್ದು ಕುರ್ಚಿ ಮಡಚಿದಳು. ಉಳಿದವರೂ ಏಳಬೇಕಾಯಿತು.

13 ಫೆಬ್ರವರಿ, ಸೋಮವಾರ

ಸಭೆಗೆ ಸಿದ್ಧಪಡಿಸಿದ ಆಫೀಸರರ ವರದಿ ಕೈಗೆ ಸಿಕ್ಕಿತು. ಮಾರಲು ಕೊಟ್ಟ ಕಾರಣವನ್ನು ಎರಡು ಸಲ ಓದಿದೆ.

'ಇಲ್ಲಿ ವಾಸಿಸಲಿರುವವರು ಒಂದು ಕಪ್ ಟೀ ಮಾಡಿಕೊಳ್ಳಲೂ ಅಸಮರ್ಥರೆಂದು ಪೋಷಕರೇ ಹೇಳಿದ್ದಾರೆ (ಹಿಂದಿನ ಕೌನ್ಸಿಲಿನ ಮಿನಿಟ್ಸ್, ಪುಟ 4). ಇಂಥವರನ್ನು ಸಾಮಾನ್ಯ ಮನೆಯಲ್ಲಿರಿಸುವ ಅಪಾಯವನ್ನು ನಗರಸಭೆ ಹೊರಲಾಗದು.'

ನಾನು ಹೇಳಿದ್ದನ್ನೇ ತೆಗೆದು ನನ್ನ ಕುತ್ತಿಗೆಗೆ ಇಟ್ಟಿದ್ದಾರೆ.

ಇವರಿಗೆ ತೋರಿಸಿದೆ. ಓದಿ ಕನ್ನಡಕ ತೆಗೆದು, "ಆ ಕಾಗದ ಎಲ್ಲುಂಟು?" ಎಂದು ಮಾತ್ರ ಕೇಳಿದರು. ಇವರಿಗೆ ಗೊತ್ತಿತ್ತು. ಹತ್ತು ತಿಂಗಳೂ ಗೊತ್ತಿತ್ತು.

ಬೀರುವಿನಿಂದ ತೆಗೆದು ಶಾಲಿನಿಯ ಕೋಣೆಗೆ ಹೋದೆ. "ನಾನು ಇದನ್ನು ಪೋಸ್ಟ್ ಮಾಡಲಿಲ್ಲ" ಎಂದೆ. ಅವಳು ತೆಗೆದುಕೊಂಡು, ತಾರೀಕು ನೋಡಿ, ಮಡಿಕೆ ಬಿಡಿಸಿ ಅಕ್ಷರಗಳೆಲ್ಲ ಇವೆಯೇ ಎಂಬಂತೆ ಓದಿದಳು.

"ಹತ್ತು ತಿಂಗಳು" ಎಂದಳು. "ನಾನು ಪ್ರತಿ ಸೋಮವಾರ ಡಬ್ಬಿ ನೋಡಿದೆ."

"ಹೌದು."

"ನೀನು ನೋಡಿದೆ ನಾನು ನೋಡುವುದನ್ನು."

"ಹೌದು."

ಬಾಗಿಲು ಹಾಕಿದಳು. ಊಟಕ್ಕೆ ಬರಲಿಲ್ಲ. ಮೂವತ್ತೈದು ವರ್ಷದಿಂದ ರೋಗಿಗಳ ಹತ್ತಿರ ಇದ್ದೇನೆ. ಎಂಥ ನೋವಿಗೂ ಏನಾದರೊಂದು ಮಾಡಲು ಇರುತ್ತದೆ. ಇದಕ್ಕೆ ಬಾಗಿಲ ಹೊರಗೆ ತಟ್ಟೆ ಇಡುವುದೊಂದೇ. ಇಟ್ಟು ಬಂದೆ.

16 ಫೆಬ್ರವರಿ, ಗುರುವಾರ

ಅಂಗಿ ಇಸ್ತ್ರಿ ಮಾಡಲು ಕೊಡುವುದಿಲ್ಲ. ತಾನೇ ಮಾಡಿಕೊಳ್ಳುತ್ತಾಳೆ. ಕಾಲರ್ ಸುಕ್ಕು.

27 ಫೆಬ್ರವರಿ, ಸೋಮವಾರ

ಬೇಗ ಬರೆದುಬಿಡಬೇಕು, ಒಂದು ಮಾತೂ ತಪ್ಪಬಾರದು.

ಹೊಸ ನಗರಸಭೆಯ ದೊಡ್ಡ ಹಾಲ್. ಮೂವರು ಕಮಿಷನರುಗಳು, ನಡುವೆ ಕೂತ ಅಧ್ಯಕ್ಷರು ಬಿಳಿ ಕೂದಲಿನ ಗಂಡಸು. ಹಾಜರಿ ಕರೆದಂತೆ ಹೆಸರು ಕರೆದರು. ಮೊದಲು ಪಿಯರ್ಸ್, ಆಮೇಲೆ ರೋಸಾ. ಮೂರನೆಯದು ನನ್ನದೆಂದು ಎದ್ದೆ. ಕರೆದದ್ದು ಶಾಲಿನಿಯ ಹೆಸರು. ಜನವರಿಯಲ್ಲಿ ಹಾಳೆ ತೆಗೆದುಕೊಂಡು ಕೋಣೆಗೆ ಹೋದವಳು ಆಕ್ಷೇಪಣೆ ಬರೆದು, ತಾನೇ ನಡೆದು ಹೋಗಿ ಪೋಸ್ಟ್ ಮಾಡಿದ್ದಳು.

"ಮಗಳ ಪರವಾಗಿ ತಾಯಿ ಮಾತಾಡಬಹುದು" ಎಂದರು ಅಧ್ಯಕ್ಷರು, ನನ್ನ ಕಡೆ ನೋಡಿ.

ನಾನು ಕೂತೆ.

ಶಾಲಿನಿ ಮೈಕಿನ ಹತ್ತಿರ ಹೋದಳು. ಮೈಕು ಒಮ್ಮೆ ಕಿರುಗುಟ್ಟಿತು, ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಎಲ್ಲರೂ ಕಾದರು. "ಇದನ್ನು ಆಫ್ ಮಾಡಿ" ಎಂದಳು. ಮಾಡಿದರು. ಅವರ ಯಾರ ಮುಖವನ್ನೂ ನೋಡದೆ, ಮೇಜಿನ ಅಂಚು ನೋಡುತ್ತ ಓದಿದಳು.

"ನಾಲ್ಕನೇ ಪುಟ ತಪ್ಪು. ಅದು ನನ್ನ ಬಗ್ಗೆ. ನನ್ನನ್ನು ಯಾರೂ ಕೇಳಲಿಲ್ಲ. ನಾನು ಟೀ, ಟೋಸ್ಟ್, ಅನ್ನ, ಮೊಟ್ಟೆ ಮಾಡುತ್ತೇನೆ. ಗ್ಯಾಸ್ ಆಫ್ ಮಾಡಿ ಎರಡು ಸಲ ನೋಡುತ್ತೇನೆ. ನನಗೆ ಸಹಾಯ ಬೇಕಾಗುವುದು ಸದ್ದಿಗೆ, ಡಾಕ್ಟರ ಹತ್ತಿರ ಹೋಗಲಿಕ್ಕೆ, ಹೊಸ ಜನ ಬಂದಾಗ. ಅದನ್ನು ಬರೆದುಕೊಳ್ಳಿ. ನನಗೆ ಆ ಮನೆ ಬೇಕು."

ಅಧ್ಯಕ್ಷರು ಕೆಮ್ಮಿದರು. "ಮಿಸ್ ಶಾಲಿನಿ, ಅದು ಹಳೆಯ ಕೌನ್ಸಿಲಿನ ದಾಖಲೆ. ತಿದ್ದುವ ಅಧಿಕಾರ ನಮಗಿಲ್ಲ."

"ನಿಮ್ಮ ವರದಿಯಲ್ಲಿ ಅದೇ ಪುಟ ಉಂಟು. ತಪ್ಪೆಂದು ತಿದ್ದಲಾಗದಿದ್ದರೆ ಬಳಸಲೂಬಾರದು."

ಪಕ್ಕದ ಹೆಣ್ಣು ಕಮಿಷನರ್ ಪೆನ್ನು ಕೆಳಗಿಟ್ಟರು. "ತಾಯಿ ಏಕೆ ಹಾಗೆ ಹೇಳಿದರು?" ಎಂದು ಕೇಳಿದರು.

ಶಾಲಿನಿ ಹಾಳೆ ಮಡಚಿದಳು. ಅದು ಅವಳಿಗೆ ಕೇಳಿದ ಪ್ರಶ್ನೆ ಅಲ್ಲ. ನಾನು ಎದ್ದು ನಿಂತೆ.

"ಸುಳ್ಳು ಹೇಳಿದೆ" ಎಂದೆ. "ಅವಳು ಹನ್ನೆರಡು ವರ್ಷದಿಂದ ನನಗೆ ಬೆಳಿಗ್ಗೆ ಟೀ ಮಾಡಿ ಕೊಡ್ತಾಳೆ. ನೀವು ಕನಿಕರಕ್ಕೆ ಮಾತ್ರ ಮನೆ ಕೊಡುವವರು ಅಂತ ನಾನು ತಿಳಿದದ್ದು. ಅದಕ್ಕೆ ನನ್ನ ಮಗಳನ್ನು ನಿಮ್ಮೆದುರು ಸಣ್ಣ ಮಾಡಿದೆ. ಇನ್ನು ಮಾಡುವುದಿಲ್ಲ. ಕನಿಕರ ಬೇಡ. ಅವಳು ಈ ಊರಿನವಳು. ಮುದುಕರಿಗೆ ನೀವು ಮನೆ ಕೊಡುತ್ತೀರಿ, ಇವಳಿಗೂ ಕೊಡಬೇಕು."

ಅವರು ಒಳಗೆ ಹೋಗಿ ನಲವತ್ತು ನಿಮಿಷ ಕೂತರು. ನಾವು ಹಾಲಿನಲ್ಲಿ ಕೂತೆವು. ಶಾಲಿನಿ ನನ್ನ ಪಕ್ಕದಲ್ಲಿ ಒಂದು ಕುರ್ಚಿ ಬಿಟ್ಟು ಕೂತಳು.

ಇಬ್ಬರು ಪರ, ಒಬ್ಬ ವಿರುದ್ಧ. ವಿರುದ್ಧ ಇದ್ದದ್ದು ಅಧ್ಯಕ್ಷರೇ. ಮನೆ ಮಾರುವುದಿಲ್ಲ. ಮನೆ ನಡೆಸಲು ಒಪ್ಪಿದ ಆಟಿಸಂ ಸಂಘಕ್ಕೆ ಐದು ವರ್ಷದ ಲೀಸ್. ಇಲಾಖೆ ಸಿಬ್ಬಂದಿ ಕೊಡುತ್ತದೆ. ಐದು ವರ್ಷ ಮುಗಿದ ಮೇಲೆ ಮತ್ತೆ ನೋಡುತ್ತಾರಂತೆ. ನಾವೂ ನೋಡುತ್ತೇವೆ.

ಹೊರಬರುವಾಗ ಪಿಯರ್ಸ್ ನನ್ನನ್ನು ಮಾತಾಡಿಸಲಿಲ್ಲ. ಶಾಲಿನಿಗೆ ಮಾತ್ರ "ಗುಡ್ ನೈಟ್" ಎಂದ. ಅವಳೂ ಎಂದಳು.

29 ಜುಲೈ, ಶನಿವಾರ

ಸಾಮಾನು ಸಾಗಿಸಿದೆವು. ಗುರು ಸಿಡ್ನಿಯಿಂದ ಬಂದು ಮಂಚ ಹೊತ್ತ. ಅಲ್ಲಿ ಇರುವವರು ಶಾಲಿನಿ, ಮಾರ್ಕೊ, ಇನ್ನಿಬ್ಬರು. ದಿನವಿಡೀ ಒಬ್ಬ ಕೆಲಸದವರು ಇರುತ್ತಾರೆ. ರಾತ್ರಿ ಮಲಗಲು ಇನ್ನೊಬ್ಬರು.

ಸಿಬ್ಬಂದಿಯ ಕೋಣೆಗೆ ತಾಗಿದ ಹಿಂದಿನ ಕೋಣೆ ಅವಳಿಗೆ ಒಳ್ಳೆಯದೆಂದು ನಾನು ಮೊದಲೇ ಹೇಳಿಟ್ಟಿದ್ದೆ. ಗೋಡೆಯಾಚೆ ಯಾರಾದರೂ ಇದ್ದರೆ ಧೈರ್ಯ. ಅವಳು ಮುಂದಿನ ಕೋಣೆಯಲ್ಲಿ ತನ್ನ ಚೀಲ ಇಟ್ಟಳು. ಬೀದಿಯ ಸದ್ದು ಬರುತ್ತದೆ ಎಂದೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಮಾತ್ರ, ಲೆಕ್ಕ ಹಾಕಿದ್ದೇನೆ ಎಂದಳು. ಯಾವಾಗ ಲೆಕ್ಕ ಹಾಕಿದಳೋ. ಗುರು ಮಂಚ ಹಿಡಿದು ನಡುವೆ ನಿಂತು, "ಅಮ್ಮ, ಎಲ್ಲಿಗೆ?" ಎಂದು ಕೇಳಿದ. ಅವಳು ಹೇಳಿದ ಕಡೆ ಇಡು ಎಂದೆ. ಮಂಚ ಭಾರವಿತ್ತು.

ಸಂಜೆಯೇ ಗುರು ಸಿಡ್ನಿಗೆ ಹೊರಟ. ಮನೆಗೆ ಬಂದು ಇವರು ಮೂರು ತಟ್ಟೆ ಹಾಕಿದರು. ಒಂದನ್ನು ಇವರೇ ತೆಗೆದಿಟ್ಟರು.

6 ಆಗಸ್ಟ್, ಭಾನುವಾರ

ಮೀನಿನ ಸಾರು ಮಾಡಿ ಹೇಳದೆ ಕೇಳದೆ ಹೋದೆ. ಶಾಲಿನಿ ಬಾಗಿಲು ತೆಗೆದು, "ನೀನು ಬರುವುದು ಬುಧವಾರ" ಎಂದಳು. ಡಬ್ಬಿ ತೆಗೆದುಕೊಂಡು ಥ್ಯಾಂಕ್ಸ್ ಎಂದಳು. ಒಳಗೆ ಕರೆಯಲಿಲ್ಲ.

ನಿಲ್ದಾಣದವರೆಗೂ ಬಯ್ಯುತ್ತ ನಡೆದೆ. ಇಪ್ಪತ್ತೇಳು ವರ್ಷ ಸಾಕಿದ್ದೇನೆ. ಎರಡು ಕೌನ್ಸಿಲುಗಳ ಜೊತೆ ಗುದ್ದಾಡಿದ್ದೇನೆ. ನನಗೇ ಬುಧವಾರವಂತೆ. ರೈಲಿನಲ್ಲಿ ಕೂತ ಮೇಲೆ ನಗು ಬಂತು. ಎದುರಿನ ಹೆಂಗಸು ನನ್ನನ್ನು ನೋಡಿ ಜಾಗ ಬದಲಿಸಿದಳು.

14 ಸೆಪ್ಟೆಂಬರ್, ಗುರುವಾರ

ಈ ವಾರ ಮೂರು ಕುಟುಂಬಗಳಿಂದ ಫೋನ್. ಒಬ್ಬರು ಬೇರೆ ಸಬರ್ಬಿನವರು, ಮಗನಿಗೆ ಮೂವತ್ತೊಂದು. ಕೌನ್ಸಿಲಿಗೆ ಏನೆಂದು ಬರೆಯಬೇಕು, ಹೇಳಿಕೊಡಿ ಎಂದು ಅತ್ತರು. ಮೊದಲು ಮಗನನ್ನು ಕೇಳಿ, ಆಮೇಲೆ ಶನಿವಾರ ಇಬ್ಬರೂ ಬನ್ನಿ ಎಂದೆ. ಅವರ ಕೌನ್ಸಿಲಿನ ಖಾಲಿ ಮನೆಗಳ ಪಟ್ಟಿ ಮಾಡಿಕೊಂಡು ಬರಲು ಹೇಳಿದ್ದೇನೆ. ಇದ್ದೇ ಇರುತ್ತವೆ. ರೋಸಾಗೂ ಬರಲು ಹೇಳಬೇಕು.

ಮಧ್ಯಾಹ್ನ ನಗರಸಭೆಯಿಂದ ಒಬ್ಬ ಗಂಡಸು ಫೋನ್ ಮಾಡಿದ. ವಿಲ್ಟನ್ ಸ್ಟ್ರೀಟಿನ ಮನೆಯ ಮುಂದಿನ ಕೋಣೆಯ ಹೀಟರ್ ಬದಲಿಸಬೇಕಂತೆ. ಶಾಲಿನಿಯ ಕೋಣೆ. ಪ್ಲಂಬರ್ ಯಾವತ್ತು ಬಂದರೆ ಆಗುತ್ತದೆ ಎಂದು ಕೇಳಿದ.

"ಅವಳನ್ನು ಕೇಳಿ. ನಂಬರ್ ಕೊಡ್ತೇನೆ, ಬರ್ಕೊಳ್ಳಿ" ಎಂದೆ.

"ನೀವು ತಾಯಿ ಅಲ್ವಾ?"

"ಹೌದು. ಹೀಟರ್ ಅವಳ ಕೋಣೆಯದ್ದು."

ಅವನು ಬರೆದುಕೊಂಡ. ಎಂಟನೆಯ ಅಂಕೆ ತಪ್ಪು ಬರೆದಿದ್ದ, ಓದಿಸಿ ಸರಿಪಡಿಸಿದೆ.

ಇವರು ಪೇಪರಿನ ಹಿಂದಿನಿಂದ, ಯಾರದ್ದು ಎಂದು ಕೇಳಿದರು.

"ಶಾಲಿನಿಗೆ ಬಂದ ಫೋನ್. ತಪ್ಪಿ ಇಲ್ಲಿಗೆ ಬಂತು."